ಹೊಣೆಗೂ ಗುತ್ತಿಗೆಯೆ?

‘ಗುತ್ತಿಗೆ’ ನಮ್ಮ ಭಾಷೆಯ ಹಳೆಯ ಮಾತು. ಶಾಸನಗಳಲ್ಲಿ ಅದು ‘ಗುತ್ತಗೆ’ ಎಂಬ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಇಷ್ಟೇ ಎಂದು ಕಟ್ಟುಮಾಡಿದ ಕಂದಾಯವನ್ನು ತೆತ್ತು ಭೂಮಿಯನ್ನು ಅನುಭವಿಸುವುದಕ್ಕೆ ‘ಕಟ್ಟುಗುತ್ತಿಗೆ’ ಎಂಬ ಹೆಸರಿತ್ತು. ‘ಹೊರಗುತ್ತಿಗೆ’ ಎಂಬ ಸಮಾಸ ಮಾತ್ರ ತೀರ ಈಚಿನದು. ಕಚೇರಿಯ ಕಸ ಗುಡಿಸುವುದು, ಬಾಗಿಲು ಕಾಯುವುದು, ವಾಹನ ನಡೆಸುವುದು ಮೊದಲಾದ ಕೆಲಸಗಳಿಗೆ ಸರಕಾರದ ಸಿಬ್ಬಂದಿಯ ಬದಲು ಹೊರಗಿನವರ ಆಳುಗಳನ್ನು ತೆಗೆದುಕೊಂಡಾಗ ಈ ಮಾತು ಬಳಕೆಗೆ ಬಂತು. ಮಾತು ಹೊಸದಾದರೂ ಅದರ ಹಿಂದಿನ ವ್ಯವಹಾರ ನಮಗೆ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರಿನಲ್ಲಿ ‘ಶರತ್ತು’ ಎಂಬ ಪದ್ಧತಿಯಿತ್ತು. ತಾಲ್ಲೂಕಿನಿಂದ ಇಂತಿಷ್ಟು ಹಣವನ್ನು ಎತ್ತಿ ತಂದೊಪ್ಪಿಸುವೆವೆಂದು ಅಮಲ್ದಾರರು ಮುಚ್ಚಳಿಕೆ ಬರೆದುಕೊಡುತ್ತಿದ್ದರು. ಆ ಮುಚ್ಚಳಿಕೆಯ ಭಾರವೆಲ್ಲ ಕಡೆಗೆ ರೈತನ ಬೆನ್ನಿನ ಮೇಲೆ ಬೀಳುತ್ತಿತ್ತು. ೧೮೩೦ರಲ್ಲಿ ನಗರದ ರೈತರು ದಂಗೆಯೆದ್ದುದಕ್ಕೂ, ಮರುವರ್ಷ ಕಂಪೆನಿ ಸರಕಾರ ರಾಜ್ಯದ ಆಡಳಿತವನ್ನೇ ತನ್ನ ಕೈಗೆ ತೆಗೆದುಕೊಂಡುದಕ್ಕೂ ಇದ್ದ ಹಲವು ಕಾರಣಗಳಲ್ಲಿ ಇದೂ ಒಂದು.

ಹೊರಗಿನವರ ಕೈಗೆ ಕೆಲಸವನ್ನು ಒಪ್ಪಿಸಬಹುದು, ಆದರೆ ಎಲ್ಲಿಯವರೆಗೆ? ಕಸ ಗುಡಿಸುವುದಕ್ಕೆ ಅನ್ವಯಿಸುವ ತತ್ತ್ವ, ಒಬ್ಬ ವೃದ್ಧೆಯ ಕಾಯಿಲೆ ಎಷ್ಟು, ಆಸ್ತಿ ಎಷ್ಟು, ಆಕೆಯ ಆರೈಕೆಗೆ ಸರಕಾರ ಕೊಡಬೇಕಾದ ಹಣ ಎಷ್ಟು ಎಂದು ನಿರ್ಣಯಿಸುವುದಕ್ಕೂ ಅನ್ವಯಿಸುವುದೆ? ಈ ಪ್ರಶ್ನೆಯನ್ನು ಗಾಳಿಯಲ್ಲಿ ಚರ್ಚಿಸುವುದಕ್ಕಿಂತ ಒಂದು ದೇಶದ ಅನುಭವವನ್ನು ಮುಂದಿಟ್ಟುಕೊಂಡು ಚರ್ಚಿಸುವುದು ಲೇಸು. ನಾನು ಐರ್ಲೆಂಡನ್ನು ಆರಿಸಿಕೊಂಡಿದ್ದೇನೆ. ಐವತ್ತು ಲಕ್ಷಕ್ಕೆ ತುಸು ಮೇಲಷ್ಟೇ ಜನಸಂಖ್ಯೆಯುಳ್ಳ ಆ ಪುಟ್ಟ ದೇಶ ಈ ವಿಷಯದಲ್ಲಿ ಮಾಡಿದ ಪ್ರಯೋಗಗಳೂ ತಪ್ಪುಗಳೂ ಕಾಗದದ ಮೇಲೆ ಸ್ಪಷ್ಟವಾಗಿ ದಾಖಲಾಗಿವೆ. ಮತ್ತೊಂದು ಕಾರಣವೂ ಉಂಟು. ಅಲ್ಲಿಯ ವೃದ್ಧರ ಹಾಸಿಗೆಯ ಬಳಿ ನಿಂತಿರುವ ದಾದಿಯರಲ್ಲಿ ಕೇರಳದವರಂತೆ ಕನ್ನಡನಾಡಿನವರೂ ಇದ್ದಾರೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅವರಲ್ಲಿ ಒಬ್ಬಳು.

ಮುಂದುವರಿಯುವ ಮುನ್ನ ಒಂದು ಪದದ ಅರ್ಥವನ್ನು ತಿಳಿಗೊಳಿಸಬೇಕು. ನಮ್ಮ ಊರುಗಳಲ್ಲಿ ‘ನರ್ಸಿಂಗ್ ಹೋಂ’ ಎಂದರೆ ಖಾಸಗಿ ವೈದ್ಯರ ಸಣ್ಣ ಆಸ್ಪತ್ರೆ. ಹೆರಿಗೆಗೋ ಶಸ್ತ್ರಚಿಕಿತ್ಸೆಗೋ ಹೋಗಿ ವಾರದೊಳಗೆ ಹಿಂದಿರುಗುವ ಸ್ಥಳ. ಐರ್ಲೆಂಡಿನಲ್ಲಿ ಆ ಹೆಸರಿನಿಂದ ಕರೆಯುವುದು, ತನ್ನನ್ನು ತಾನು ನೋಡಿಕೊಳ್ಳಲಾಗದ ವೃದ್ಧರು ದಾದಿಯರ ಆರೈಕೆಯಲ್ಲಿ ದೀರ್ಘಕಾಲ, ಬಹುಮಟ್ಟಿಗೆ ಕೊನೆಯ ದಿನದವರೆಗೂ, ವಾಸಿಸುವ ಮನೆಯನ್ನು. ಈ ಲೇಖನದಲ್ಲಿ ನಾನು ಅದನ್ನು ಆರೈಕೆಮನೆ ಎಂದು ಕರೆಯುತ್ತೇನೆ.

ಯೋಜನೆಯ ಸ್ವರೂಪ

ಅಲ್ಲಿ ಆರೈಕೆಮನೆಯ ವೆಚ್ಚ ವಾರಕ್ಕೆ ಸಾವಿರ ಯೂರೋಗಳನ್ನು ಮೀರುವುದು ಸಾಮಾನ್ಯ. ದುಡಿದು ನಿವೃತ್ತರಾದ ಸಾಧಾರಣ ಮನುಷ್ಯರು ತಮ್ಮ ಪಿಂಚಣಿಯಿಂದ ಇದನ್ನು ತೆರಲಾರರು. ಆದುದರಿಂದ ೨೦೦೯ರಲ್ಲಿ ಒಂದು ಕಾನೂನನ್ನು ಮಾಡಿ, ಆ ವರ್ಷದ ಅಕ್ಟೋಬರ್ ತಿಂಗಳಿನಿಂದ ‘ನರ್ಸಿಂಗ್ ಹೋಮ್ಸ್ ಸಪೋರ್ಟ್ ಸ್ಕೀಮ್’ ಎಂಬ ಯೋಜನೆಯನ್ನು ಜಾರಿಗೆ ತಂದರು. ಜನರ ಬಾಯಿಯಲ್ಲಿ ಅದರ ಹೆಸರು ‘ಫೇರ್ ಡೀಲ್’. ನ್ಯಾಯವಾದ ಒಪ್ಪಂದ ಎಂದು ಅರ್ಥ. ಅದರ ಆಡಳಿತ ದೇಶದ ಸಾರ್ವಜನಿಕ ಆರೋಗ್ಯ ಸಂಸ್ಥೆಯಾದ ಎಚ್.ಎಸ್.ಇ.ಯದು.

ಒಪ್ಪಂದದ ತಿರುಳು ಇಷ್ಟು: ಆರೈಕೆ ಬೇಕಾದವರು ತಮ್ಮ ಆದಾಯದ ಶೇಕಡಾ ೮೦ ಭಾಗವನ್ನೂ, ಆಸ್ತಿಯ ಬೆಲೆಯ ಶೇಕಡಾ ಏಳೂವರೆ ಭಾಗವನ್ನೂ ಪ್ರತಿವರ್ಷ ಕೊಡತಕ್ಕದ್ದು, ಕಡಮೆ ಬಿದ್ದುದನ್ನು ಸರಕಾರ ತುಂಬತಕ್ಕದ್ದು. ಆಸ್ತಿಯ ಭಾಗ ಮೊದಲು ಶೇಕಡಾ ಐದಿತ್ತು. ೨೦೧೩ರಲ್ಲಿ ಹೊಸ ಅರ್ಜಿದಾರರಿಗೆ ಏರಿಸಿದರು. ಆಸ್ತಿಯಲ್ಲಿ ಮೊದಲ ೩೬,೦೦೦ ಯೂರೋಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ವಾಸದ ಮನೆಯನ್ನು ಮೂರು ವರ್ಷಗಳವರೆಗೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಆ ಮೇಲೆ ಎಷ್ಟು ವರ್ಷ ಬದುಕಿದರೂ ಮನೆಯ ಬಾಬಿನಲ್ಲಿ ಹೊಸ ಹೊರೆಯಿಲ್ಲ.

ಒಂದು ಕಲ್ಪಿತ ಉದಾಹರಣೆಯಿಂದ ಇದು ತಿಳಿಯಾದೀತು. ಒಬ್ಬ ವಿಧವೆಗೆ ವಾರಕ್ಕೆ ೩೦೦ ಯೂರೋ ಆದಾಯವಿದೆ, ೨,೩೬,೦೦೦ ಯೂರೋ ಬೆಲೆಯ ಮನೆಯಿದೆ, ಬೇರೇನೂ ಇಲ್ಲ ಎಂದಿಟ್ಟುಕೊಳ್ಳೋಣ. ಆದಾಯದಿಂದ ವಾರಕ್ಕೆ ೨೪೦ ಯೂರೋ ಕೊಡಬೇಕು. ಮನೆಯ ಬೆಲೆಯಲ್ಲಿ ವಿನಾಯತಿಯನ್ನು ಕಳೆದರೆ ಉಳಿಯುವುದು ಎರಡು ಲಕ್ಷ. ಅದರ ಏಳೂವರೆ ಭಾಗ ವರ್ಷಕ್ಕೆ ೧೫,೦೦೦, ಎಂದರೆ ವಾರಕ್ಕೆ ಸುಮಾರು ೨೮೮. ಆರೈಕೆಮನೆಯ ದರ ವಾರಕ್ಕೆ ೧,೨೦೦ ಆದರೆ ಆಕೆಯ ಪಾಲು ೫೨೮, ಸರಕಾರದ ಪಾಲು ೬೭೨. ಕೈಯಲ್ಲಿ ಹಣವಿಲ್ಲದೆ, ಮನೆಯನ್ನು ಮಾರಲೂ ಒಲ್ಲದೆ ಇದ್ದರೆ ಆ ೨೮೮ನ್ನು ಸರಕಾರವೇ ಸಾಲವಾಗಿ ಕೊಟ್ಟು ಮನೆಯ ಮೇಲೆ ತನ್ನ ಹಕ್ಕನ್ನು ಬರೆಸಿಕೊಳ್ಳುತ್ತದೆ. ಆಕೆ ತೀರಿಕೊಂಡ ಮೇಲೆ ದೇಶದ ತೆರಿಗೆ ಇಲಾಖೆ ಆ ಸಾಲವನ್ನು ವಸೂಲು ಮಾಡುತ್ತದೆ.

ಈ ಯೋಜನೆಯ ಆಸರೆಯಲ್ಲಿರುವವರು ಸುಮಾರು ೨೩ ಸಾವಿರ ಮಂದಿ. ವರ್ಷದ ವೆಚ್ಚ ನೂರು ಕೋಟಿ ಯೂರೋಗಳನ್ನು ಮೀರಿದೆ. ಆರೈಕೆಮನೆಗಳ ಹಾಸಿಗೆಗಳಲ್ಲಿ ಐದರಲ್ಲಿ ನಾಲ್ಕು ಪಾಲು ಸರಕಾರದವಲ್ಲ, ಖಾಸಗಿ ಹಾಗೂ ಸ್ವಯಂಸೇವಾ ಸಂಸ್ಥೆಗಳವು. ಎಂದರೆ ಆರೈಕೆಯ ಕೆಲಸ ಬಹುಪಾಲು ಆಗಲೇ ಹೊರಗಿನವರ ಕೈಗೆ ಹೋಗಿದೆ. ಸರಕಾರದ ಕೈಯಲ್ಲಿ ಉಳಿದಿರುವುದು ಮುಖ್ಯವಾಗಿ ಕಾಗದದ ಕೆಲಸ: ಅರ್ಜಿ ನೋಡುವುದು, ಆಸ್ತಿ ಅಳೆಯುವುದು, ಅಗತ್ಯ ನಿರ್ಣಯಿಸುವುದು, ಹಣ ಬಿಡುಗಡೆ ಮಾಡುವುದು. ೨೦೦೮ರ ಆರ್ಥಿಕ ಕುಸಿತದ ತರುವಾಯ ಐರ್ಲೆಂಡ್ ತನ್ನ ಸರಕಾರಿ ಸಿಬ್ಬಂದಿಯನ್ನು ಬಹಳವಾಗಿ ಕಡಮೆ ಮಾಡಿತು. ೨೦೧೧ರ ಸುಧಾರಣಾ ಯೋಜನೆಯಲ್ಲಿ ಹೊರಗಿನವರಿಂದ ಸೇವೆ ಪಡೆಯುವುದನ್ನೂ ಒಂದು ಅಂಗವಾಗಿ ಸೇರಿಸಿತು. ಕೆಲಸವೇ ಹೊರಗೆ ಹೋಗಿರುವಾಗ ಕಾಗದವೇಕೆ ಒಳಗಿರಬೇಕು ಎಂಬ ಪ್ರಶ್ನೆ ಇಂಥ ಸಮಯದಲ್ಲಿ ಏಳುವುದು ಸಹಜ. ಮೇಲುನೋಟಕ್ಕೆ ಅದು ನ್ಯಾಯವಾದ ಪ್ರಶ್ನೆಯೂ ಹೌದು.

ಕಾಲು ಎಕರೆಯ ನೆನಪು

ಆದರೆ ಕಾಗದ ಎಂಬುದು ಐರಿಷ್ ಜನರ ಮಟ್ಟಿಗೆ ಬರಿಯ ಕಾಗದವಲ್ಲ. ಸರಕಾರದ ಆಳೊಬ್ಬ ಬಂದು ‘ನಿನ್ನಲ್ಲಿ ಏನಿದೆ?’ ಎಂದು ಕೇಳುವುದಕ್ಕೆ ಅಲ್ಲಿ ಕರಾಳವಾದ ಇತಿಹಾಸವಿದೆ. ೧೮೩೮ರ ಬಡವರ ಕಾಯಿದೆಯಂತೆ ದೇಶದ ತುಂಬ ‘ವರ್ಕ್‌ಹೌಸ್’ಗಳನ್ನು ಕಟ್ಟಿಸಿದರು. ಗತಿಯಿಲ್ಲದವರು ಅಲ್ಲಿಗೆ ಸೇರಿ, ಗಂಡ ಹೆಂಡತಿ ಮಕ್ಕಳು ಬೇರೆಬೇರೆಯಾಗಿ, ದುಡಿದು ಗಂಜಿ ಕುಡಿಯಬೇಕಾಗಿತ್ತು. ಆಲೂಗೆಡ್ಡೆಯ ಬೆಳೆಗೆ ರೋಗ ತಗುಲಿ ಮಹಾಕ್ಷಾಮ ತಲೆದೋರಿದಾಗ, ೧೮೪೭ರಲ್ಲಿ, ಆ ಕಾಯಿದೆಗೆ ಹೊಸದೊಂದು ಷರತ್ತು ಸೇರಿತು: ಕಾಲು ಎಕರೆಗಿಂತ ಹೆಚ್ಚು ನೆಲವನ್ನು ಸಾಗುವಳಿಯಲ್ಲಿ ಇಟ್ಟುಕೊಂಡವನಿಗೆ ಪರಿಹಾರವಿಲ್ಲ, ಬೇಕಾದರೆ ನೆಲ ಬಿಟ್ಟು ಬರಲಿ. ಹಸಿದವರು ತುತ್ತು ಕೂಳಿಗಾಗಿ ತಲೆಮಾರುಗಳ ಹೊಲವನ್ನು ಬಿಟ್ಟುಕೊಟ್ಟರು. ಬಿಡಲೊಲ್ಲದವರು ಹಸಿವಿನಿಂದ ಸತ್ತರು. ಆ ಷರತ್ತನ್ನು ಪಾರ್ಲಿಮೆಂಟಿನಲ್ಲಿ ಮಂಡಿಸಿದವನು ವಿಲಿಯಂ ಗ್ರೆಗರಿ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಹೆಸರು ಬೇರೊಂದು ಬಗೆಯಲ್ಲಿ ಪರಿಚಿತವಾಗಿರಬೇಕು. ಕವಿ ಯೇಟ್ಸನೊಡನೆ ಸೇರಿ ಡಬ್ಲಿನ್ನಿನ ಅಬೆ ನಾಟಕಶಾಲೆಯನ್ನು ಕಟ್ಟಿದ, ಐರಿಷ್ ಜನಪದ ಕಥೆಗಳನ್ನು ಸಂಗ್ರಹಿಸಿದ ಲೇಡಿ ಗ್ರೆಗರಿ ಈತನನ್ನೇ ಮುಂದೆ ಮದುವೆಯಾದುದು. ಗಂಡನ ಷರತ್ತು ಯಾವ ಗುಡಿಸಲುಗಳನ್ನು ಬರಿದು ಮಾಡಿತೋ ಅಂಥವೇ ಗುಡಿಸಲುಗಳ ಕಥೆಗಳನ್ನು ಹೆಂಡತಿ ಬರೆದಿಟ್ಟಳು. ಚರಿತ್ರೆ ಒಮ್ಮೊಮ್ಮೆ ಇಂಥ ವಿಚಿತ್ರವನ್ನೂ ತೋರಿಸುತ್ತದೆ.

ಸ್ವಾತಂತ್ರ್ಯ ಬಂದ ಬಳಿಕ, ೧೯೨೦ರ ದಶಕದಲ್ಲಿ, ಆ ವರ್ಕ್‌ಹೌಸ್‌ಗಳಲ್ಲಿ ಅನೇಕವು ‘ಕೌಂಟಿ ಹೋಮ್’ ಎಂಬ ಹೊಸ ಹೆಸರಿನಲ್ಲಿ ವೃದ್ಧರ, ಅನಾಥರ ಆಶ್ರಯಗಳಾದುವು. ಸರಕಾರಿ ಆರೈಕೆಮನೆಗಳಲ್ಲಿ ಕೆಲವು ಇಂದಿಗೂ ಆ ಹಳೆಯ ಆವರಣಗಳಲ್ಲಿಯೇ ಇವೆ. ಅಜ್ಜಿ ಮೊಮ್ಮಕ್ಕಳಿಗೆ ಹೇಳಿದ ಭಯ ಕಟ್ಟಡದ ಹೆಸರು ಬದಲಾದ ಮಾತ್ರಕ್ಕೆ ಹೋಗುವುದಿಲ್ಲ. ಆರೈಕೆಗೆ ಪ್ರತಿಯಾಗಿ ನೆಲದ ಬೆಲೆಯಲ್ಲಿ ಪಾಲು ಕೇಳುವ ಅರ್ಜಿಯನ್ನು ಒಬ್ಬ ಮುದುಕ ರೈತ ನಡುಗುವ ಕೈಯಲ್ಲಿ ಹಿಡಿದಾಗ, ಆ ಕಾಗದದ ಹಿಂದೆ ಕಾಲು ಎಕರೆಯ ನೆರಳಿದೆ ಎಂಬುದನ್ನು ಅರ್ಜಿ ನೋಡುವವರು ತಿಳಿದಿರಬೇಕು.

ಸರಕಾರದ ಮನೆಯೊಳಗಿನ ತಪ್ಪು

ಹಾಗೆಂದು ಸರಕಾರದ ಗುಮಾಸ್ತರು ಈ ಸೂಕ್ಷ್ಮವನ್ನೆಲ್ಲ ಅರಿತು ನಡೆದರು ಎಂದು ಯಾರೂ ಭಾವಿಸಬೇಕಾಗಿಲ್ಲ. ಫೇರ್ ಡೀಲ್‌ಗೆ ಮುಂಚೆ, ೧೯೯೦ರ ಕಾನೂನಿನಂತೆ, ಖಾಸಗಿ ಆರೈಕೆಮನೆಯಲ್ಲಿರುವವರಿಗೆ ಪ್ರಾದೇಶಿಕ ಆರೋಗ್ಯ ಮಂಡಲಿಗಳು ಸಹಾಯಧನ ಕೊಡುತ್ತಿದ್ದುವು. ವಯಸ್ಸಿಗೆ ಬಂದ ಮಕ್ಕಳ ಸಂಪಾದನೆಯನ್ನೂ ಎಣಿಸಿ, ‘ನಿಮ್ಮ ಮಕ್ಕಳು ಇಷ್ಟು ಕೊಡಬಲ್ಲರು’ ಎಂದು ಮಂಡಲಿಗಳು ಆ ಸಹಾಯಧನವನ್ನು ಮೊಟಕುಮಾಡಿದುವು. ನಮ್ಮ ಲೋಕಾಯುಕ್ತರನ್ನು ಹೋಲುವ ಅಲ್ಲಿಯ ಆಂಬುಡ್ಸ್‌ಮನ್ ೨೦೦೧ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇದಕ್ಕೆ ಮೂಲ ಕಾನೂನಿನ ಆಧಾರವೇ ಇರಲಿಲ್ಲವೆಂದು ತೋರಿಸಿಕೊಟ್ಟರು. ತಂದೆತಾಯಿಗಳನ್ನು ಸಲಹುವುದು ಮಕ್ಕಳ ಕರ್ತವ್ಯವೆಂದು ೨೦೦೭ರ ಕಾಯಿದೆಯಿಂದಲೇ ವಿಧಿಸಿರುವ ನಮಗೆ ಇದು ಸೋಜಿಗವಾಗಿ ಕಂಡೀತು. ಆದರೆ ಮಕ್ಕಳ ಧರ್ಮ ಯಾವುದು ಎಂಬುದು ಅಲ್ಲಿ ಎದ್ದ ಪ್ರಶ್ನೆಯಲ್ಲ. ಕಾನೂನು ಹೇಳದೆ ಇದ್ದುದನ್ನು ಕಚೇರಿ ಹೇಳಬಹುದೆ ಎಂಬುದು ಪ್ರಶ್ನೆ.

ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿತ್ತು. ಬಡವರಿಗೆ ಕೊಡುತ್ತಿದ್ದ ‘ಮೆಡಿಕಲ್ ಕಾರ್ಡು’ ಇದ್ದವರಿಗೆ ಸರಕಾರಿ ಆರೈಕೆ ಪುಕ್ಕಟೆಯಾಗಿ ದೊರೆಯಬೇಕೆಂಬುದು ೧೯೭೦ರ ಆರೋಗ್ಯ ಕಾನೂನಿನ ಅರ್ಥ. ೧೯೭೬ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟಿನ ತೀರ್ಪೊಂದರಿಂದ ಅದು ಸ್ಪಷ್ಟವಾಯಿತು. ಆ ಬಳಿಕವೂ ಮಂಡಲಿಗಳು ಒಂದು ಸುತ್ತೋಲೆಯ ಬಲದ ಮೇಲೆ ಆ ವೃದ್ಧರ ಪಿಂಚಣಿಯಿಂದ ಹಣ ಮುರಿದುಕೊಳ್ಳುತ್ತ ಬಂದುವು. ಅದು ನಿಂತದ್ದು ೨೦೦೪ರ ಕೊನೆಯಲ್ಲಿ: ಇಪ್ಪತ್ತೆಂಟು ವರ್ಷ! ಹಿಂದೆ ತೆಗೆದುಕೊಂಡುದನ್ನೆಲ್ಲ ಸಕ್ರಮವೆಂದು ಸಾರುವ ಮಸೂದೆಯನ್ನು ಸರಕಾರ ತಂದಾಗ, ೨೦೦೫ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಅಕ್ರಮವಾಗಿ ಕಿತ್ತುಕೊಂಡ ಹಣವನ್ನು ಮರಳಿ ಕೇಳುವ ಹಕ್ಕೂ ಆಸ್ತಿಯೇ, ಅದಕ್ಕೂ ಸಂವಿಧಾನದ ರಕ್ಷಣೆಯುಂಟು ಎಂಬುದು ಆ ನಿರ್ಣಯದ ಆಧಾರ. ಅದೇ ವರ್ಷದ ಮಾರ್ಚಿಯಲ್ಲಿ ಪ್ರಕಟವಾದ ಟ್ರ್ಯಾವರ್ಸ್ ವರದಿ, ಆರೋಗ್ಯ ಇಲಾಖೆಯ ಒಳಗೆ ಈ ಶಂಕೆ ವರ್ಷಾನುವರ್ಷ ಇದ್ದೂ ಯಾರೂ ಅದನ್ನು ಇತ್ಯರ್ಥಗೊಳಿಸದೆ ಹೋದ ಬಗೆಯನ್ನು ಬಿಡಿಸಿಟ್ಟಿತು.

ಇಲ್ಲಿಂದ ಕಥೆ ನಮ್ಮ ವಿಷಯಕ್ಕೆ ನೇರವಾಗಿ ಬರುತ್ತದೆ. ೨೦೦೬ರಲ್ಲಿ ಮರುಪಾವತಿಯ ಕಾನೂನು ಆಯಿತು. ಬದುಕಿದ್ದವರಿಗೂ, ೧೯೯೮ರ ಡಿಸೆಂಬರ್ ೯ರ ತರುವಾಯ ತೀರಿಕೊಂಡವರ ವಾರಸುದಾರರಿಗೂ ಹಣವನ್ನು ಹಿಂದಿರುಗಿಸಬೇಕು. ಈ ಕೆಲಸದ ಆಡಳಿತವನ್ನು ಟೆಂಡರು ಕರೆದು ಹೊರಗಿನ ಖಾಸಗಿ ಸಂಸ್ಥೆಗಳಿಗೆ ಒಪ್ಪಿಸಿದರು. ಮುಗಿಯುವ ವೇಳೆಗೆ ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟ ಪ್ರಕರಣಗಳಲ್ಲಿ ೪೫ ಕೋಟಿ ಯೂರೋಗಳಿಗೂ ಮಿಕ್ಕಿ ಹಣ ಸಂದಾಯವಾಯಿತು. ಸರಕಾರದ ಒಳಗಿನವರು ಮಾಡಿದ ತಪ್ಪಿನ ಲೆಕ್ಕವನ್ನು ಹೊರಗಿನವರು ತಿದ್ದಿದರು. ಹೊರಗುತ್ತಿಗೆಯೆಲ್ಲ ಕೆಡುಕು ಎನ್ನುವವರು ಈ ಸಂಗತಿಯನ್ನು ಮರೆಯಬಾರದು.

ಆದರೆ ಆ ಕೆಲಸದ ಸ್ವಭಾವ ಎಂಥದು ಎಂಬುದನ್ನೂ ಗಮನಿಸೋಣ. ಅದು ಆದಿ ಅಂತ್ಯಗಳುಳ್ಳ ಕೆಲಸ. ಯಾರಿಗೆ ಕೊಡಬೇಕು ಎಂಬುದನ್ನು ಶಾಸನಸಭೆ ಮೊದಲೇ ಬರೆದಿಟ್ಟಿತ್ತು. ಯಾರಿಂದ, ಯಾವಾಗ, ಎಷ್ಟು ತೆಗೆದುಕೊಂಡಿದ್ದರು ಎಂಬುದನ್ನು ಹಳೆಯ ಖಾತೆ ಪುಸ್ತಕಗಳಿಂದ ಹುಡುಕಿ ಕೂಡಿಸುವುದಷ್ಟೇ ಉಳಿದಿತ್ತು. ಒಪ್ಪದವರಿಗೆ ಸ್ವತಂತ್ರ ಮೇಲ್ಮನವಿಯ ಅಧಿಕಾರಿಗಳಿದ್ದರು. ಅದು ತಪ್ಪು ಯಾರದೆಂದು ತೀರ್ಮಾನವಾದ ಮೇಲಿನ ಲೆಕ್ಕ. ಫೇರ್ ಡೀಲ್‌ನ ಕೆಲಸ ಹಾಗಲ್ಲ. ಅಲ್ಲಿ ಲೆಕ್ಕಕ್ಕೆ ಮುಂಚೆ ತೀರ್ಮಾನ ಬರುತ್ತದೆ.

‘ಹಠಾತ್’ ಎಂದರೇನು?

ಅರ್ಜಿಯೊಂದು ಬಂದಾಗ ಮೊದಲು ಕೇಳುವ ಪ್ರಶ್ನೆ: ಈಕೆಗೆ ಆರೈಕೆಮನೆ ನಿಜವಾಗಿ ಬೇಕೆ? ಮನೆಯಲ್ಲಿಯೇ ಸಹಾಯ ಕೊಟ್ಟರೆ ಸಾಲದೆ? ದಾದಿ, ವೈದ್ಯರು, ಚಿಕಿತ್ಸಕರು ನೋಡಿ ಬರೆಯುತ್ತಾರೆ. ಎರಡನೆಯದು ಆಸ್ತಿಯ ಪ್ರಶ್ನೆ. ಕಳೆದ ಐದು ವರ್ಷಗಳೊಳಗೆ ಯಾರಿಗಾದರೂ ಬರೆದುಕೊಟ್ಟಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಹೊಲ ಯಾರ ಹೆಸರಿನಲ್ಲಿದೆ, ದುಡಿಯುತ್ತಿರುವವರು ಯಾರು, ಬ್ಯಾಂಕಿನ ಖಾತೆಯಲ್ಲಿ ಮಗಳ ಹೆಸರು ಸೇರಿದ್ದು ಹಣ ಅವಳದೆಂದೋ ಅಥವಾ ತಾಯಿ ನಡೆಯಲಾರಳೆಂದೋ? ಇವೆಲ್ಲ ಕೂಡುವ ಕಳೆಯುವ ಲೆಕ್ಕಗಳಲ್ಲ. ಒಂದು ಸಂಸಾರದ ಬಾಳನ್ನು ಓದಿ ಅರ್ಥಮಾಡುವ ಕೆಲಸ.

ಭಾಷೆಯ ಅಧ್ಯಾಪಕನಾದ ನನಗೆ ಇದರಲ್ಲಿ ಬಹಳ ಕುತೂಹಲಕರವಾಗಿ ತೋರಿದುದು ಒಂದು ವಿಶೇಷಣ. ವಾಸದ ಮನೆಗಿದ್ದ ಮೂರು ವರ್ಷಗಳ ಮಿತಿ ಹೊಲಕ್ಕೂ ಕುಟುಂಬದ ವ್ಯಾಪಾರಕ್ಕೂ ಮೊದಲು ಎಲ್ಲರಿಗೂ ಇರಲಿಲ್ಲ. ಕಾಯಿಲೆ ಅಥವಾ ಅಂಗವೈಕಲ್ಯ ‘ಹಠಾತ್ತಾಗಿ’ ಬಂದಿದ್ದರೆ ಮಾತ್ರ ಆ ಮಿತಿ ಲಭ್ಯ. ಮುಂದಾಲೋಚನೆಗೆ ಎಡೆಯಿಲ್ಲದೆ ಬಿದ್ದವನಿಗೆ ರಿಯಾಯಿತಿ, ಮೊದಲೇ ಸೂಚನೆಯಿದ್ದವನಿಗೆ ಇಲ್ಲ ಎಂಬುದು ಅದರ ಆಶಯ. ಬೆಳಗ್ಗೆ ಹೊಲ ಉತ್ತು ಮಧ್ಯಾಹ್ನ ಪಾರ್ಶ್ವವಾಯು ಬಡಿದವನ ವಿಷಯದಲ್ಲಿ ಸಂದೇಹವಿಲ್ಲ. ಆದರೆ ಮರೆವಿನ ರೋಗ? ಅದು ವರ್ಷಗಟ್ಟಲೆ ಮನೆಯ ಮೂಲೆಯಲ್ಲಿ ನಿಂತಿರುತ್ತದೆ. ಮೊದಲು ಬೀಗದ ಕೈ ಕಳೆಯುತ್ತದೆ, ಆಮೇಲೆ ಮೊಮ್ಮಗನ ಹೆಸರು, ಆಮೇಲೆ ತನ್ನ ಊರಿನ ದಾರಿ. ಇದರಲ್ಲಿ ಯಾವ ಕ್ಷಣವನ್ನು ಆರಂಭವೆನ್ನಬೇಕು? ವೈದ್ಯನಿಗೆ ಅದು ನಿಧಾನ; ಒಂದು ಮುಂಜಾನೆ ಹೆಂಡತಿಯ ಗುರುತನ್ನೇ ಮರೆತ ಮನೆಯವರಿಗೆ ಅದು ಹಠಾತ್. ಆ ಒಂದು ಪದವನ್ನು ಹೇಗೆ ಓದುತ್ತಾರೆ ಎಂಬುದರ ಮೇಲೆ ಹೊಲದ ಮೇಲಿನ ಹೊರೆ ಮೂರು ವರ್ಷಕ್ಕೆ ನಿಲ್ಲುವುದೋ ಬದುಕಿರುವವರೆಗೂ ನಡೆಯುವುದೋ ಎಂಬುದು ನಿಂತಿತ್ತು. ರೈತರು ಬಹುಕಾಲ ಒತ್ತಾಯಿಸಿದ ಮೇಲೆ ೨೦೨೧ರ ತಿದ್ದುಪಡಿ ಕಾನೂನು, ಮನೆಯವರೊಬ್ಬರು ಆರು ವರ್ಷ ಹೊಲವನ್ನು ನಡೆಸುವುದಾಗಿ ಒಪ್ಪಿದರೆ ಮೂರು ವರ್ಷಗಳ ಮಿತಿಯನ್ನು ಹೊಲಕ್ಕೂ ವಿಸ್ತರಿಸಿತು. ಆದರೆ ಅದಕ್ಕೆ ಹನ್ನೆರಡು ವರ್ಷ ಹಿಡಿಯಿತು. ಅಷ್ಟು ಕಾಲವೂ ಆ ವಿಶೇಷಣಕ್ಕೆ ಭಾಷ್ಯ ಬರೆದವರು ಕಚೇರಿಯ ಮೇಜಿನ ಹಿಂದಿದ್ದವರು. ಗುತ್ತಿಗೆಯ ಕರಾರಿನಲ್ಲಿ ಇಂಥ ಭಾಷ್ಯಕ್ಕೆ ಬೆಲೆ ಕಟ್ಟುವುದು ಹೇಗೆ?

ಅರ್ಜಿದಾರರ ಬುದ್ಧಿಶಕ್ತಿಯೇ ಕುಂದಿರುವಾಗ ತೊಡಕು ಇನ್ನೂ ಹೆಚ್ಚು. ಮನೆಯ ಮೇಲೆ ಸಾಲ ಬರೆಯಬೇಕಾದರೆ ಅವರ ಪರವಾಗಿ ಒಬ್ಬರನ್ನು ಪ್ರತಿನಿಧಿಯಾಗಿ ಸರ್ಕಿಟ್ ಕೋರ್ಟು ನೇಮಿಸಬೇಕಾಗಿತ್ತು. ೨೦೨೩ರ ಏಪ್ರಿಲಿನಿಂದ ಹೊಸ ಕಾನೂನಿನಂತೆ ಬೇರೆ ವ್ಯವಸ್ಥೆ ಬಂದಿದೆ. ವ್ಯಕ್ತಿಯ ಇಚ್ಛೆ ಏನಿತ್ತೆಂದು ಹುಡುಕಿ ಅದರಂತೆ ನಡೆಯಬೇಕೆಂಬುದು ಅದರ ಮೂಲತತ್ತ್ವ. ಮಾತು ನಿಂತುಹೋದವರ ಇಚ್ಛೆಯನ್ನು ಹುಡುಕುವುದಕ್ಕೆ ಕಾಲ ಬೇಕು, ತಾಳ್ಮೆ ಬೇಕು.

ಅಳತೆಗೋಲು

ಗುತ್ತಿಗೆದಾರನನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಆತ ಒಪ್ಪಂದದಲ್ಲಿ ಅಳೆಯುವುದನ್ನು ಮಾಡುತ್ತಾನೆ, ಮಾಡಲೇಬೇಕು. ಒಪ್ಪಂದ ಅಳೆಯುವುದು ಎಣಿಸಬಹುದಾದುದನ್ನು: ದಿನಕ್ಕೆ ಎಷ್ಟು ಕಡತ ವಿಲೇವಾರಿಯಾಯಿತು, ದೂರವಾಣಿಗೆ ಎಷ್ಟು ಬೇಗ ಉತ್ತರ ಸಿಕ್ಕಿತು. ಅರ್ಜಿ ಅಪೂರ್ಣವೆಂದು ಹಿಂದಕ್ಕೆ ಕಳುಹಿಸಿದ ಕಡತವೂ ಆ ಎಣಿಕೆಯಲ್ಲಿ ವಿಲೇವಾರಿಯಾದುದೇ. ಮುದುಕಿಯ ಮಗನನ್ನು ಕೂರಿಸಿಕೊಂಡು ಅರ್ಧಗಂಟೆ ವಿವರಿಸಿದ ಗುಮಾಸ್ತನ ದಿನ ಆ ಲೆಕ್ಕದಲ್ಲಿ ನಷ್ಟದ ದಿನ.

ನೆರೆಯ ಬ್ರಿಟನ್ನಿನ ಅನುಭವ ಇಲ್ಲಿ ನೆನಪಿಗೆ ಬರುತ್ತದೆ. ಕಾಯಿಲೆಯವರು ದುಡಿಯಲು ಶಕ್ತರೆ ಎಂದು ಪರೀಕ್ಷಿಸುವ ಕೆಲಸವನ್ನು ಅಲ್ಲಿ ಅಟೋಸ್ ಎಂಬ ಫ್ರೆಂಚ್ ಸಂಸ್ಥೆಗೆ ವಹಿಸಿದ್ದರು. ಸಂಸ್ಥೆ ವರದಿ ಬರೆಯುವುದು ಮಾತ್ರ, ತೀರ್ಮಾನ ಸರಕಾರದ್ದೇ ಎಂಬುದು ಕಾನೂನಿನ ಮಾತು. ವ್ಯವಹಾರದಲ್ಲಿ ವರದಿಯೇ ಬಹುಮಟ್ಟಿಗೆ ತೀರ್ಮಾನವಾಯಿತು. ಮೇಲ್ಮನವಿಗೆ ಹೋದವರಲ್ಲಿ ಗಣನೀಯ ಭಾಗ ಗೆದ್ದು ಬಂದರು. ಜನರ ಕ್ರೋಧ ತಾಳಲಾರದೆ ಹೋಗಿ, ೨೦೧೪ರಲ್ಲಿ ಆ ಸಂಸ್ಥೆ ಅವಧಿಗೆ ಮುಂಚೆಯೇ ಬಿಟ್ಟುಹೋಗಲು ಒಪ್ಪಿಕೊಂಡಿತು. ನೊಂದವನು ಸರಕಾರವನ್ನು ಕೇಳಿದರೆ ಸಂಸ್ಥೆಯ ಕಡೆಗೂ, ಸಂಸ್ಥೆಯನ್ನು ಕೇಳಿದರೆ ಸರಕಾರದ ಕಡೆಗೂ ಬೆರಳು ತೋರಿಸುವ ಸ್ಥಿತಿ ಒದಗಿದ್ದೇ ಅಲ್ಲಿಯ ದೊಡ್ಡ ಕೇಡು.

ಗುತ್ತಿಗೆಗೆ ಕೊಡದೆ, ಬರಿದೇ ದೂರಕ್ಕೆ ಒಯ್ದರೂ ಇಂಥದೇ ಸಂಕಟ ಬರಬಹುದೆಂಬುದಕ್ಕೆ ಐರ್ಲೆಂಡಿನಲ್ಲಿಯೇ ನಿದರ್ಶನವಿದೆ. ಮೆಡಿಕಲ್ ಕಾರ್ಡುಗಳ ಅರ್ಜಿಗಳನ್ನು ೨೦೧೧ರ ವರೆಗೆ ಸ್ಥಳೀಯ ಕಚೇರಿಗಳಲ್ಲಿ ನೋಡುತ್ತಿದ್ದರು. ಆ ವರ್ಷ ಎಲ್ಲವನ್ನೂ ಡಬ್ಲಿನ್ನಿನ ಒಂದು ಕಚೇರಿಗೆ ಸೇರಿಸಿದರು. ದೇಶಕ್ಕೆಲ್ಲ ಒಂದೇ ನಿಯಮ ಎಂಬ ಉದ್ದೇಶ ಒಳ್ಳೆಯದೇ. ಆದರೆ ಆದಾಯದ ಮಿತಿ ಮೀರಿದ್ದರೂ ಕಾಯಿಲೆಯ ಕಷ್ಟ ನೋಡಿ ಸ್ಥಳೀಯ ಅಧಿಕಾರಿಗಳು ವಿವೇಚನೆಯಿಂದ ಕೊಟ್ಟಿದ್ದ ಕಾರ್ಡುಗಳು ಮರುಪರಿಶೀಲನೆಯಲ್ಲಿ ಕೈತಪ್ಪತೊಡಗಿದುವು. ಕೂಗೆದ್ದಿತು. ೨೦೧೪ರಲ್ಲಿ ಸರಕಾರ ಆ ಪರಿಶೀಲನೆಯನ್ನು ನಿಲ್ಲಿಸಿ, ಹದಿನೈದು ಸಾವಿರಕ್ಕೂ ಹೆಚ್ಚು ಮಂದಿಗೆ ಕಾರ್ಡುಗಳನ್ನು ಮರಳಿ ಕೊಡಬೇಕಾಯಿತು. ವಿವೇಚನೆಗೆ ಒಂದು ಮುಖ ಬೇಕು, ಎದುರು ಕುಳಿತ ಮನುಷ್ಯ ಬೇಕು ಎಂಬುದೇ ಅದರಿಂದ ದೊರೆತ ಪಾಠ.

ಅದೇ ೨೦೧೪ರಲ್ಲಿ ಫೇರ್ ಡೀಲ್ ಹಣಕ್ಕಾಗಿ ಕಾಯುವ ಅವಧಿ ಹದಿನೈದು ವಾರಗಳನ್ನು ಮುಟ್ಟಿತ್ತು. ಚಿಕಿತ್ಸೆ ಮುಗಿದ ವೃದ್ಧರು ಹೋಗಲು ಜಾಗವಿಲ್ಲದೆ ಆಸ್ಪತ್ರೆಗಳಲ್ಲಿಯೇ ಉಳಿದರು. ಕಚೇರಿಯ ನಿಧಾನವೆಂದು ಹೊರಗಿನವರಿಗೆ ಕಂಡೀತು. ನಿಜವಾದ ಕಾರಣ, ವರ್ಷದ ಹಣಕ್ಕೆ ಮಿತಿಯಿತ್ತು. ಒಬ್ಬರ ಜಾಗ ತೆರವಾದರೆ ಇನ್ನೊಬ್ಬರಿಗೆ ಮಂಜೂರಾತಿ. ಮರುವರ್ಷ ಹೆಚ್ಚಿನ ಹಣ ಒದಗಿಸಿದ ಮೇಲೆ ಕಾಯುವ ಅವಧಿ ಸುಮಾರು ನಾಲ್ಕು ವಾರಕ್ಕೆ ಇಳಿಯಿತು. ಗುಮಾಸ್ತರನ್ನು ಬದಲಾಯಿಸುವುದರಿಂದ ಆ ಸಾಲು ಒಂದು ಹೆಜ್ಜೆಯೂ ಮುಂದೆ ಸರಿಯುತ್ತಿರಲಿಲ್ಲ.

ಪ್ರತಿವಾದದಲ್ಲಿ ಹುರುಳಿಲ್ಲವೆಂದಲ್ಲ. ಎಚ್.ಎಸ್.ಇ. ತಾನೇ ಕೆಲವು ಆರೈಕೆಮನೆಗಳನ್ನು ನಡೆಸುತ್ತದೆ, ತಾನೇ ಹಣ ಕೊಡುತ್ತದೆ, ಯಾರಿಗೆ ಕೊಡಬೇಕೆಂದು ತಾನೇ ನಿರ್ಣಯಿಸುತ್ತದೆ. ಹಣದ ಚೀಲ ಹಿಡಿದವನೇ ತೀರ್ಪುಗಾರನಾಗುವುದು ಸಂದೇಹಕ್ಕೆ ಎಡೆಕೊಡುತ್ತದೆ. ಇನ್ನೊಂದು ಮಾತು: ಸಣ್ಣ ಊರಿನಲ್ಲಿ ಕಚೇರಿಯ ಗುಮಾಸ್ತ ನೆರೆಯವನೇ ಆಗಿರುತ್ತಾನೆ. ಅಪ್ಪನ ಸಾಲವನ್ನೂ ಅಮ್ಮನ ಮರೆವನ್ನೂ ಪರಿಚಯದವನ ಮುಂದೆ ಬಿಚ್ಚಿಡುವುದಕ್ಕಿಂತ ಅಪರಿಚಿತನಿಗೆ ಬರೆದು ಕಳುಹಿಸುವುದು ಕೆಲವರಿಗೆ ಎಷ್ಟೋ ಮೇಲೆನಿಸುತ್ತದೆ. ಮೊದಲನೆಯ ದೋಷಕ್ಕೆ ಮದ್ದು, ಹಣಕ್ಕೂ ನಿರ್ಣಯಕ್ಕೂ ನಡುವೆ ಸರಕಾರದ ಒಳಗೇ ಅಂತರವಿಡುವುದು. ಖಾಸಗಿ ಆರೈಕೆಮನೆಗಳೊಡನೆ ದರ ಗೊತ್ತುಮಾಡುವುದನ್ನು ಅಲ್ಲಿ ಬೇರೊಂದು ಸಾರ್ವಜನಿಕ ಸಂಸ್ಥೆಗೆ ಆಗಲೇ ವಹಿಸಿದ್ದಾರೆ. ಎರಡನೆಯದಕ್ಕೆ ಮದ್ದು ಗೌಪ್ಯ. ಇವೆರಡಕ್ಕೂ ಲಾಭದ ಲೆಕ್ಕ ಅವಶ್ಯವಲ್ಲ.

ಮೇಲೆ ಹೇಳಿದ ನನ್ನ ವಿದ್ಯಾರ್ಥಿನಿ ಮಂಗಳೂರಿನಲ್ಲಿ ದಾದಿಯ ಶಿಕ್ಷಣ ಪಡೆದು ಐರ್ಲೆಂಡಿಗೆ ಹೋದವಳು. ಒಮ್ಮೆ ಊರಿಗೆ ಬಂದಿದ್ದಾಗ ಅವಳೊಡನೆ ಈ ಮಾತು ಬಂತು. “ಸಾ‌ರ್, ಫಾರಂ ತುಂಬುವುದು ನಮ್ಮ ಕೆಲಸವಲ್ಲ, ಆದರೂ ಮನೆಯವರು ನಮ್ಮನ್ನೇ ಕೇಳುತ್ತಾರೆ,” ಎಂದಳು. ಶೇಕಡಾ ಎಷ್ಟು ಎಂದು ಕೇಳುತ್ತಾರೆಯೆ ಎಂದೆ. “ಅದು ಪುಸ್ತಕದಲ್ಲೇ ಇದೆ. ಅವರು ಕೇಳುವುದು, ಇದನ್ನು ಯಾರ ಹತ್ತಿರ ಹೋಗಿ ಮಾತಾಡಬೇಕು ಅಂತ. ಅಪ್ಪ ಬದುಕಿರುವಾಗಲೇ ಹೊಲ ಹೋಗುತ್ತದೆಯೇ ಅಂತ ಒಬ್ಬ ಮನುಷ್ಯನ ಬಾಯಿಂದ ಕೇಳಬೇಕು ಅವರಿಗೆ.” ಆರೈಕೆಮನೆಯ ನಡುಹಾದಿಯಲ್ಲಿ, ಪರದೇಶದ ದಾದಿಯೊಬ್ಬಳನ್ನು ನಿಲ್ಲಿಸಿ ಕೇಳುವಷ್ಟು ಆ ಪ್ರಶ್ನೆಗೆ ಅವಸರವಿದೆ.

ಒಪ್ಪಂದದ ಆಯುಸ್ಸು

ಇಷ್ಟನ್ನೂ ತೂಗಿ ನೋಡಿದರೆ ಒಂದು ಗೆರೆ ಕಾಣುತ್ತದೆ. ಅರ್ಜಿಗಳನ್ನು ಸ್ವೀಕರಿಸಿ ದಾಖಲಿಸುವುದು, ಯಂತ್ರಗಳನ್ನು ನೋಡಿಕೊಳ್ಳುವುದು, ಗೊತ್ತಾದ ದರದಂತೆ ಗೊತ್ತಾದವರಿಗೆ ಹಣ ಕಳುಹಿಸುವುದು, ಹಳೆಯ ಖಾತೆಗಳನ್ನು ಹುಡುಕಿ ಕೂಡಿಸುವುದು: ಇವನ್ನು ಹೊರಗಿನವರಿಗೆ ಕೊಡಬಹುದು, ಕೊಟ್ಟು ಒಳ್ಳೆಯದಾದುದೂ ಉಂಟು. ಅಗತ್ಯವನ್ನು ನಿರ್ಣಯಿಸುವುದು, ಕಾನೂನಿನ ಪದಕ್ಕೆ ಅರ್ಥ ಹೇಳುವುದು, ವಿವೇಚನೆಯಿಂದ ರಿಯಾಯಿತಿ ತೋರಿಸುವುದು, ಬಂದವರಿಗೆ ಉತ್ತರ ಕೊಡುವುದು: ಇವನ್ನು ಕೊಡಬಾರದು. ಮೊದಲನೆಯ ಬಗೆಯಲ್ಲಿ ತಪ್ಪಾದರೆ ಅಂಕಿಯನ್ನು ತಿದ್ದಿದರೆ ಸಾಕು. ಎರಡನೆಯದರಲ್ಲಿ ತಪ್ಪಾದರೆ ತಿದ್ದುವ ವೇಳೆಗೆ ಮನುಷ್ಯನೇ ಇರುವುದಿಲ್ಲ.

ಕಾಲದ ಪ್ರಶ್ನೆಯೂ ಇದೆ. ಗುತ್ತಿಗೆಯ ಕರಾರು ಕೆಲವು ವರ್ಷಗಳದು. ಅವಧಿ ಮುಗಿದರೆ ಬೇರೊಬ್ಬ ಬರುತ್ತಾನೆ, ಸಂಸ್ಥೆಗಳು ಕೂಡಿಕೊಳ್ಳುತ್ತವೆ, ಮುಚ್ಚಿಹೋಗುತ್ತವೆ. ಫೇರ್ ಡೀಲ್‌ನಲ್ಲಿ ವೃದ್ಧನಿಗೂ ಸರಕಾರಕ್ಕೂ ಇರುವ ಸಂಬಂಧ ಸಾವಿನ ಬಳಿಕವೂ ಮುಗಿಯುವುದಿಲ್ಲ. ಸಾಲ ಮನೆಯ ಮೇಲೆ ನಿಂತಿರುತ್ತದೆ. ಹೆಂಡತಿ ಅದೇ ಮನೆಯಲ್ಲಿ ವಾಸವಾಗಿದ್ದರೆ ವಸೂಲಿಯನ್ನು ಇನ್ನೂ ಮುಂದಕ್ಕೆ ಹಾಕಬಹುದು. ೧೯೭೬ರಲ್ಲಿ ಪಿಂಚಣಿ ಕಳೆದುಕೊಂಡ ಮುದುಕಿಯ ದೂರನ್ನು ೨೦೦೫ರಲ್ಲಿ ಕೇಳುವವರಿದ್ದರು. ಮಂಡಲಿಗಳು ಅಳಿದು ಎಚ್.ಎಸ್.ಇ. ಬಂದಿತ್ತು, ಮಂತ್ರಿಗಳು ಹಲವರು ಬದಲಾಗಿದ್ದರು, ಆದರೂ ‘ತೆಗೆದುಕೊಂಡವರು ನೀವು’ ಎಂದು ತೋರಿಸಿ ಹೇಳಬಹುದಾದ ಒಂದು ಸರಕಾರ ಅಲ್ಲಿತ್ತು. ಅದು ತಪ್ಪು ಮಾಡಿದ ಸರಕಾರವೇ. ಆದರೆ ತಪ್ಪಿನ ಸಂಗಡ ಅದರ ಹೊಣೆಯೂ ಉಳಿದಿತ್ತು. ಆ ಇಪ್ಪತ್ತೆಂಟು ವರ್ಷಗಳ ಕಡತಗಳು ನಾಲ್ಕೈದು ಗುತ್ತಿಗೆದಾರರ ಕೈ ದಾಟಿ ಹೋಗಿದ್ದರೆ, ಮರುಪಾವತಿಯ ಪ್ರಶ್ನೆಯನ್ನು ಯಾವ ಬಾಗಿಲಿನಲ್ಲಿ ನಿಂತು ಕೇಳಬೇಕಾಗಿತ್ತು?

ವೃದ್ಧರ ಆರೈಕೆಗೆ ಇಂಥ ಏರ್ಪಾಡನ್ನು ಮುಂದೆ ಯಾವ ನಾಡು ಮಾಡಹೊರಟರೂ, ಲೆಕ್ಕ ಬರೆಯುವ ಕೈಯನ್ನು ಎಲ್ಲಿಂದ ತರಬೇಕೆಂದು ಯೋಚಿಸುವುದಕ್ಕೆ ಮೊದಲು ಈ ಬಾಗಿಲು ಯಾವುದೆಂದು ಗೊತ್ತುಮಾಡಿಕೊಳ್ಳುವುದು ಒಳಿತು.